ಭೂವಿಜ್ಞಾನ, ಗ್ರಹವಿಜ್ಞಾನ ಓದಬೇಕೆಂದಿರುವ ಉತ್ತರ ಕನ್ನಡದವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಅಂಕೋಲಾ, ಶಿರಸಿ, ಜೋಯಿಡಾ, ಭಟ್ಕಳ, ಎಲ್ಲ ಕಡೆಯಿಂದಲೂ ಕರೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಒಮ್ಮೆ ಕುಳಿತು ಬರೆದುಬಿಟ್ಟಿದ್ದೇನೆ. ನಾನು ಕುಮಟಾ ತಾಲೂಕಿನವನು. ಊರು ಬಿಟ್ಟು ಹೋಗಿ ಭೂವಿಜ್ಞಾನದಲ್ಲಿ ಬಿಎಸ್‌ಸಿ, ಎಂಎಸ್‌ಸಿ ಮಾಡಿದೆ. ಈಗ ಬಾವಿ, ಬೋರ್‌ವೆಲ್‌ಗೆ ಜಾಗ ನೋಡುವುದು ನನ್ನ ಹೊಟ್ಟೆಪಾಡು. ದೊಡ್ಡ ವಿಜ್ಞಾನಿಯೇನಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ನನಗೂ ಸಲೀಸು.

ಭೂವಿಜ್ಞಾನ ಅಂದರೆ ಭೂಗೋಳವೇ ಅಲ್ವಾ?

ಅಲ್ಲ. ಭೂಗೋಳದವರು ಕಾಳಿ ನದಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಕಡಲು ಸೇರುತ್ತದೆ, ಅದರ ದಂಡೆಯಲ್ಲಿ ಜನ ಹೇಗೆ ಬದುಕುತ್ತಾರೆ ಎಂದು ನೋಡುತ್ತಾರೆ. ನಾವು ಆ ನದಿ ಕೊರೆದ ಬಂಡೆ ಯಾವುದು, ಎಷ್ಟು ಹಳೆಯದು, ಎಷ್ಟು ಆಳದಲ್ಲಿ ಬೆಂದು ಮೇಲೆ ಬಂತು ಎಂದು ನೋಡುತ್ತೇವೆ. ನಡುವೆ ಗೋಡೆಯೇನಿಲ್ಲ. ಉಪಗ್ರಹ ಚಿತ್ರ, ನಕ್ಷೆ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಇಬ್ಬರಿಗೂ ಬೇಕು. ಆದರೆ ಅರ್ಜಿ ತುಂಬುವಾಗ ಎರಡೂ ಬೇರೆ ಬೇರೆ ವಿಷಯ. ಜಿಯಾಲಜಿ ಎಂದುಕೊಂಡು ಜಿಯಾಗ್ರಫಿ ಸೇರಿ, ಒಂದು ತಿಂಗಳಾದ ಮೇಲೆ ಕಲ್ಲು ಯಾವಾಗ ತೋರಿಸುತ್ತಾರೆ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ.

ಗ್ರಹವಿಜ್ಞಾನದ್ದು ಇನ್ನೊಂದು ಕಥೆ. ಶಿರಸಿ ಕಡೆಯ ಹುಡುಗನೊಬ್ಬ ರಜೆಗೆ ಊರಿಗೆ ಹೋದಾಗ ದೊಡ್ಡತ್ತೆ "ಎಂತ ಓದ್ತಾ ಇದ್ದೆ ತಮಾ?" ಅಂದರಂತೆ. ಗ್ರಹಗಳ ಬಗ್ಗೆ ಅಂದ. ಅವರು ಸೀದಾ ಒಳಗೆ ಹೋಗಿ ಮೊಮ್ಮಗಳ ಜಾತಕ ತಂದರು.

ಪಿಯುಸಿಯಲ್ಲಿ ಏನು ಓದಿರಬೇಕು? ಗಣಿತ ಬಿಟ್ಟರೆ ನಡೆಯುತ್ತದಾ?

ವಿಜ್ಞಾನ ಓದಿರಬೇಕು. ಸಾಮಾನ್ಯ ಬಿಎಸ್‌ಸಿಗೆ ಅಷ್ಟು ಸಾಕು. ಐಐಟಿ ಕಡೆ ಕಣ್ಣಿದ್ದರೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಮೂರೂ ಬೇಕೇ ಬೇಕು.

ಗಣಿತಕ್ಕೆ ಹೆದರಿ ಈ ಕಡೆ ಬರುವವರು ಬಹಳ. ಅವರಿಗೆ ನೇರವಾಗಿ ಹೇಳುತ್ತೇನೆ: ಮೊದಲ ವರ್ಷ ತಪ್ಪಿಸಿಕೊಳ್ಳಬಹುದು, ಆಮೇಲೆ ಆಗುವುದಿಲ್ಲ. ಬಂಡೆಯ ವಯಸ್ಸು ಹೇಳಬೇಕಾದರೆ ಯುರೇನಿಯಂ ಒಡೆದು ಸೀಸವಾಗುವ ಲೆಕ್ಕ ಗೊತ್ತಿರಬೇಕು. ಯುರೇನಿಯಂ 238ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆಯಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಅಂದರೆ ಭೂಮಿ ಹುಟ್ಟಿದಾಗ ಇದ್ದ ಆ ಯುರೇನಿಯಂನಲ್ಲಿ ಹತ್ತಿರಹತ್ತಿರ ಅರ್ಧ ಇನ್ನೂ ಉಳಿದಿದೆ. ಇದನ್ನು ಕೇಳಿ ಖುಷಿಯಾದರೆ ಲಾಗರಿದಂ ನಿಮ್ಮನ್ನು ಅಷ್ಟೇನೂ ಕಾಡುವುದಿಲ್ಲ.

ಎಲ್ಲಿ ಸೇರುವುದು? ಮನೆಯಿಂದ ದೂರ ಹೋಗಲೇಬೇಕಾ?

ಹೆಚ್ಚಿನವರು ಹೋಗಬೇಕಾಗುತ್ತದೆ. ಹತ್ತಿರದ ಕಾಲೇಜಿನಲ್ಲಿ ಜಿಯಾಲಜಿ ಇದೆಯಾ ಎಂದು ಆ ವರ್ಷದ ಪ್ರವೇಶ ಪಟ್ಟಿಯಲ್ಲೇ ನೋಡಿ, ಹಳಬರ ಮಾತು ನಂಬಬೇಡಿ. ಮಕ್ಕಳು ಸೇರದೆ ಕಾಂಬಿನೇಷನ್ ಮುಚ್ಚುವುದುಂಟು.

ಘಟ್ಟದ ಮೇಲಿನವರಿಗೆ ಧಾರವಾಡ ಸಲೀಸು. ಕರ್ನಾಟಕ ವಿಜ್ಞಾನ ಕಾಲೇಜಿನಲ್ಲಿ ಬಿಎಸ್‌ಸಿ, ಅಲ್ಲೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಸಿ. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲೂ ಭೂವಿಜ್ಞಾನ ವಿಭಾಗಗಳಿವೆ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದಲ್ಲಿ ಅನ್ವಯಿಕ ಭೂವಿಜ್ಞಾನ, ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಯಲ್ಲಿ ಕಡಲ ಭೂವಿಜ್ಞಾನ ಇವೆ, ಅವು ಎಂಎಸ್‌ಸಿ ಹೊತ್ತಿಗೆ ಲೆಕ್ಕಕ್ಕೆ ಬರುತ್ತವೆ. ಕಾರವಾರದ ಕೋಡಿಬಾಗದಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದೆಯಲ್ಲ ಎಂದು ಕೇಳುತ್ತಾರೆ. ಅದು ಕಡಲ ಜೀವವಿಜ್ಞಾನ. ಮೀನು, ಏಡಿ, ಪಾಚಿ. ಒಳ್ಳೆಯದೇ, ಆದರೆ ಇದಲ್ಲ.

ಕಾರವಾರದವರು ಗೋವಾವನ್ನು ಮರೆಯುತ್ತಾರೆ. ಮಡಗಾಂವ್‌ ರೈಲಿನಲ್ಲಿ ಹತ್ತಿರ. ಅಲ್ಲಿನ ಕೆಲವು ಕಾಲೇಜುಗಳಲ್ಲಿ ಜಿಯಾಲಜಿ ಬಿಎಸ್‌ಸಿ ಇದೆ. 1966ರಲ್ಲಿ ಶುರುವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಈಗ ದೋನಾಪಾವ್ಲಾದಲ್ಲಿದೆ. ವಾಸ್ಕೋದಲ್ಲಿ ನಮ್ಮ ಅಂಟಾರ್ಕ್ಟಿಕಾ ಯಾತ್ರೆಗಳನ್ನು ನೋಡಿಕೊಳ್ಳುವ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ಸೀಟಿನ ನಿಯಮ ಬೇರೆ ರಾಜ್ಯದ್ದು, ಅದನ್ನು ವಿಚಾರಿಸಿಕೊಳ್ಳಿ.

ಪ್ರವೇಶ ಪರೀಕ್ಷೆ ಬರೆಯುವ ಧೈರ್ಯ ಇದ್ದರೆ ಬೆಂಗಳೂರಿನ ಐಐಎಸ್‌ಸಿಯ 4 ವರ್ಷದ ಬಿಎಸ್‌ನಲ್ಲಿ ಭೂಮಿ ಮತ್ತು ಪರಿಸರ ವಿಜ್ಞಾನವನ್ನು ಮುಖ್ಯ ವಿಷಯವಾಗಿ ಆರಿಸಬಹುದು. ಐಸರ್ ಎಂಬ ಕೇಂದ್ರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಲ್ಲಿ ಕೋಲ್ಕತ್ತಾ, ಪುಣೆ, ಭೋಪಾಲ್, ಮೊಹಾಲಿ ನೋಡಿ. ಖರಗ್‌ಪುರ, ರೂರ್ಕಿ, ಧನಬಾದ್ ಐಐಟಿಗಳಲ್ಲಿ ಭೂವಿಜ್ಞಾನ, ಭೂಭೌತವಿಜ್ಞಾನ ಹಳೆಯ ವಿಭಾಗಗಳು, ಅಲ್ಲಿಗೆ ಜೆಇಇ ಅಡ್ವಾನ್ಸ್ಡ್ ಬಾಗಿಲು. ಕೋರ್ಸಿನ ಹೆಸರು, ವರ್ಷ ಆಗಾಗ ಬದಲಾಗುತ್ತವೆ. ನಮ್ಮ ರಾಜ್ಯದ್ದೇ ನೋಡಿ: 2021-22ರಲ್ಲಿ 4 ವರ್ಷದ ಪದವಿ ಬಂತು, 2024-25ರಿಂದ ಮತ್ತೆ 3 ವರ್ಷ. ಅಣ್ಣನಿಗೂ ತಂಗಿಗೂ ಬೇರೆ ಬೇರೆ ಲೆಕ್ಕ.

ನನಗೆ ಗ್ರಹಗಳು ಮಾತ್ರ ಬೇಕು. ಈ ಕಲ್ಲು ಮಣ್ಣು ಬಿಟ್ಟು ನೇರವಾಗಿ ಅದನ್ನೇ ಓದಬಹುದಾ?

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದ ಮೇಲೆ ಈ ಪ್ರಶ್ನೆ ದುಪ್ಪಟ್ಟಾಗಿದೆ. ಪದವಿಯಲ್ಲಿ ಬರೀ ಗ್ರಹವಿಜ್ಞಾನ ಹುಡುಕುತ್ತಾ ಕೂರಬೇಡಿ. ಭೂವಿಜ್ಞಾನ ಅಥವಾ ಭೌತವಿಜ್ಞಾನ ಗಟ್ಟಿಯಾಗಿ ಓದಿ, ಎಂಎಸ್‌ಸಿ, ಪಿಎಚ್‌ಡಿ ಹೊತ್ತಿಗೆ ಆ ಕಡೆ ಹೊರಳುವುದು ನಮ್ಮಲ್ಲಿ ನಡೆದುಬಂದ ದಾರಿ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಅಂದರೆ ಪಿಆರ್‌ಎಲ್, ಈ ಕೆಲಸಕ್ಕೆ ಹೆಸರಾದದ್ದು. ವಿಕ್ರಮ್ ಸಾರಾಭಾಯಿ 1947ರಲ್ಲಿ ಕಟ್ಟಿದ ಸಂಸ್ಥೆ ಅದು.

ಕಲ್ಲು ಯಾಕೆ ಬೇಕು ಎನ್ನುವುದಕ್ಕೆ ಚಂದ್ರಯಾನವೇ ಸಾಕ್ಷಿ. ಪ್ರಜ್ಞಾನ್ ರೋವರ್ ಸುಮಾರು 100 ಮೀಟರ್ ದಾರಿಯಲ್ಲಿ 23 ಕಡೆ ನಿಂತು ಮಣ್ಣಿನಲ್ಲಿ ಯಾವ ಯಾವ ಧಾತು ಎಷ್ಟಿದೆ ಎಂದು ಅಳೆಯಿತು. ಅಳೆದ ಉಪಕರಣ ಪಿಆರ್‌ಎಲ್‌ನದ್ದು. ಸಿಕ್ಕಿದ ಅಂಕಿಗಳನ್ನು ನೋಡಿ ಇದು ಅನಾರ್ಥೊಸೈಟ್ ಎಂಬ ಬಿಳಿಚು ಕಲ್ಲಿನ ಜಾತಿ ಎಂದರು. ಹುಟ್ಟಿದ ಹೊಸದರಲ್ಲಿ ಚಂದ್ರನ ಮೈಯೆಲ್ಲ ಕರಗಿದ ಕಲ್ಲಿನ ಕಡಲಾಗಿತ್ತು, ಹಗುರವಾದ ಖನಿಜ ಹಾಲಿನ ಕೆನೆಯ ಹಾಗೆ ಮೇಲೆ ತೇಲಿ ಗಟ್ಟಿಯಾಯಿತು ಎನ್ನುವ ವಾದಕ್ಕೆ ಇದು ಬಲ ಕೊಟ್ಟಿತು. ಯಂತ್ರ ಕೊಟ್ಟದ್ದು ಅಂಕಿ. ಅದು ಅನಾರ್ಥೊಸೈಟ್ ಎಂದು ಗುರುತಿಸಲು, ಆ ಕಲ್ಲನ್ನು ಭೂಮಿಯಲ್ಲಿ ಮುಟ್ಟಿ ನೋಡಿದವರು ಬೇಕು. ಲ್ಯಾಂಡರ್, ರೋವರ್ ಪರೀಕ್ಷೆಗೆ ಇಸ್ರೋ ಚಂದ್ರನ ಮಣ್ಣು ತಯಾರಿಸಿದ್ದೂ ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಪುಡಿ ಮಾಡಿಯೇ.

ಇನ್ನೊಂದು. ಅಪೊಲೊ ಯಾತ್ರೆಗಳಲ್ಲಿ ಚಂದ್ರನ ಮೇಲೆ ನಡೆದ 12 ಜನರಲ್ಲಿ ಓದಿ ಬಂದ ಭೂವಿಜ್ಞಾನಿ ಒಬ್ಬರೇ, 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರಲ್ಲಿ ಹೋದ ಹ್ಯಾರಿಸನ್ ಶ್ಮಿಟ್. ಉಳಿದವರಿಗೂ ಭೂಮಿಯ ಮೇಲೆ ಕಲ್ಲು ನೋಡುವ ಪಾಠ ಹೇಳಿಯೇ ಕಳಿಸಿದ್ದರು.

ನಮ್ಮ ಜಿಲ್ಲೆಯಲ್ಲಿ ಏನಿದೆ ನೋಡಲು? ಎಲ್ಲ ಕಾಡು, ಮಳೆ.

ಈ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಕಾಡು, ಮಳೆ ಬಂಡೆಯನ್ನು ಮುಚ್ಚುತ್ತವೆ, ನಿಜ. ರಾಜಸ್ಥಾನದಲ್ಲಿ ಓದುವವರಿಗೆ ಇರುವ ಸುಖ ನಮಗಿಲ್ಲ. ಆದರೆ ನದಿ ಕೊರೆದಲ್ಲಿ, ರಸ್ತೆ ಕಡಿದಲ್ಲಿ, ಅಲೆ ತೊಳೆದಲ್ಲಿ, ಬಾವಿ ತೋಡಿದಲ್ಲಿ ಎಲ್ಲ ಬಿಚ್ಚಿಟ್ಟಿದೆ.

ಮನೆಯ ಗೋಡೆಯಿಂದಲೇ ಶುರು ಮಾಡಿ. ಚಿರೆಕಲ್ಲು. ಘಟ್ಟದ ಮೇಲೆ ಕೆಲವರು ಜಂಬಿಟ್ಟಿಗೆ ಅನ್ನುತ್ತಾರೆ. ನೆಲದಲ್ಲಿರುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಇದನ್ನು ಕಂಡು ಬೆರಗಾದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಬರಹದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಲೇಟರ್ ಅನ್ನುತ್ತಾರೆ. ಹೆಸರಿಟ್ಟದ್ದು ಕೇರಳದ ಅಂಗಾಡಿಪುರಂನಲ್ಲಿ, ಆದರೆ ಆತ ನಮ್ಮ ಕರಾವಳಿಯನ್ನೂ ಸುತ್ತಿದವನೇ. ಸಾವಿರಾರು ಮಿಲಿಮೀಟರ್ ಮಳೆ, ಮೇಲಿಂದ ಬಿಸಿಲು. ಕರಗುವುದೆಲ್ಲ ನೀರಿನೊಡನೆ ಹರಿದು ಹೋಗುತ್ತದೆ, ಕರಗದ ಕಬ್ಬಿಣ, ಅಲ್ಯುಮಿನಿಯಂ ಉಳಿದುಕೊಳ್ಳುತ್ತವೆ. ಕೆಂಪು ಬಣ್ಣ ಆ ಕಬ್ಬಿಣದ ತುಕ್ಕು. ಹಳೆಯ ದೇವಸ್ಥಾನಗಳ ಗೋಡೆಯ ಕಾವಿ ಕಲೆ ನೋಡಿದ್ದೀರಲ್ಲ? ಕೆಂಪಿಗೆ ಕಬ್ಬಿಣದ ಮಣ್ಣು, ಬಿಳಿಗೆ ಸುಣ್ಣ. ಒಂದು ಗೋಡೆಯಲ್ಲಿ ಎರಡು ಖನಿಜಗಳ ಪಾಠ.

ಯಾಣಕ್ಕೆ ಎಲ್ಲರೂ ಹೋಗಿರುತ್ತೀರಿ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90. ಭಸ್ಮಾಸುರ ಸುಟ್ಟು ಬೂದಿಯಾದದ್ದಕ್ಕೆ ಕಪ್ಪು ಎಂದು ಅಜ್ಜಿ ಹೇಳಿದ ಕಥೆ ಇರಲಿ, ಅದನ್ನು ಬಿಡಬೇಡಿ. ಭೂವಿಜ್ಞಾನಿಗೆ ಅದು ಸುಣ್ಣಕಲ್ಲು. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡ್ ಕುಡಿದು ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣಕಲ್ಲು ಬಿರುಕುಗುಂಟ ಕರಗುತ್ತಾ ಹೋಗಿ, ಕರಗದೆ ನಿಂತದ್ದು ಶಿಖರವಾಗುತ್ತದೆ. ದಾಂಡೇಲಿ ಹತ್ತಿರದ ಕವಳಾ ಗುಹೆಯಲ್ಲಿ ಲಿಂಗ ಎಂದು ಪೂಜೆ ಮಾಡುವುದು ಹೀಗೇ ಕರಗಿದ ಸುಣ್ಣ ತೊಟ್ಟಿಕ್ಕಿ ಮತ್ತೆ ಗಟ್ಟಿಯಾದದ್ದು. ಎರಡೂ ಕಡೆ ಸುತ್ತಿಗೆ ಮಾತ್ರ ಬ್ಯಾಗಿನಿಂದ ತೆಗೆಯಬೇಡಿ. ಕಾಡು, ದೇವರು, ಎರಡರ ಕಾನೂನೂ ಅಲ್ಲಿದೆ.

ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪಿನ ಆಗರ ನನಗೆ ಬಹಳ ಇಷ್ಟದ ಜಾಗ. ಕಡಲ ನೀರು ಬತ್ತುತ್ತಾ ಬಂದಂತೆ ಎಲ್ಲ ಒಟ್ಟಿಗೆ ಹರಳಾಗುವುದಿಲ್ಲ. ಮೊದಲು ಸುಣ್ಣ, ಆಮೇಲೆ ಜಿಪ್ಸಂ, ಕೊನೆಗೆ ನಾವು ತಿನ್ನುವ ಉಪ್ಪು. ಹಳೆಯ ಬಂಡೆಯಲ್ಲಿ ಈ ಸಾಲು ಕಂಡರೆ ಇಲ್ಲೊಂದು ಕಡಲು ಬತ್ತಿತ್ತು ಎಂದು ಹೇಳಬಹುದು. ಮಂಗಳ ಗ್ರಹದಲ್ಲಿ 2004ರಲ್ಲಿ ಇಳಿದ ಆಪರ್ಚುನಿಟಿ ರೋವರ್ ಸಲ್ಫೇಟ್ ಲವಣಗಳ ಬಂಡೆ ಕಂಡಾಗ, ಒಮ್ಮೆ ಅಲ್ಲಿ ನೀರಿತ್ತು ಎಂದು ವಿಜ್ಞಾನಿಗಳು ಹೇಳಿದ್ದರ ಹಿಂದೆ ಇಂಥದೇ ತರ್ಕ ಇದೆ. ಆಗರದ ಕಟ್ಟೆಯ ಮೇಲೆ ಕುಳಿತು ಮಂಗಳದ ಪಾಠ ಕಲಿಯಬಹುದು ಅಂದರೆ ಊರವರು ನಗುತ್ತಾರೆ. ನಗಲಿ.

ಇನ್ನು ಕುಮಟಾ. 2013ರಲ್ಲಿ ಬಂದ ಒಂದು ಸಂಶೋಧನಾ ಲೇಖನದಲ್ಲಿ ನಮ್ಮ ಕುಮಟಾದ ಹೆಸರಿನ ಹೊಲಿಗೆಯೊಂದಿದೆ. ಎರಡು ಬೇರೆ ಬೇರೆ ಭೂಖಂಡದ ತುಂಡುಗಳು ಡಿಕ್ಕಿಯಾಗಿ ಸೇರಿದ ಗೆರೆಗೆ ಹೊಲಿಗೆ ಎನ್ನುತ್ತಾರೆ. ಆ ಗೆರೆಯ ಪಶ್ಚಿಮಕ್ಕಿರುವ ಕಾರವಾರದ ತುಂಡಿನಲ್ಲಿ ಸುಮಾರು 320 ಕೋಟಿ ವರ್ಷದ ಬಂಡೆಗಳಿವೆ, ಅವು ಮಡಗಾಸ್ಕರ್‌ನ ಬಂಡೆಗಳಿಗೆ ಹೊಂದುತ್ತವೆ ಎಂದು ಆ ಲೇಖನ ಬರೆದವರ ವಾದ. ಸುಮಾರು 9 ಕೋಟಿ ವರ್ಷದ ಹಿಂದೆ ಭಾರತ, ಮಡಗಾಸ್ಕರ್ ಬೇರೆಯಾದವು. ಆಗ ಉಕ್ಕಿದ ಲಾವಾವೇ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳು. ವಾದವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ, ವಿಜ್ಞಾನ ನಡೆಯುವುದೇ ಹಾಗೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದನ್ನು ನೆನೆದರೆ ಮೈ ಜುಂ ಅನ್ನುತ್ತದೆ.

ಶಿರೂರು ಗುಡ್ಡ ಕುಸಿದದ್ದನ್ನು ನೋಡಿದ ಮೇಲೆ ಈ ವಿಷಯ ಓದಬೇಕು ಅನ್ನಿಸಿದೆ. ಅದರ ಬಗ್ಗೆ ಕಲಿಸುತ್ತಾರಾ?

ಕಲಿಸುತ್ತಾರೆ. ಈಚೆಗೆ ಈ ಪ್ರಶ್ನೆ ಕೇಳುವವರಲ್ಲಿ ಅಂಕೋಲಾ ಕಡೆಯವರೇ ಜಾಸ್ತಿ.

2024ರ ಜುಲೈ 16ರ ಬೆಳಿಗ್ಗೆ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ರಸ್ತೆಯನ್ನೂ ದಾಟಿ ಗಂಗಾವಳಿ ನದಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ನೀರೆದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ಹೊಡೆಯಿತು. ಅದಕ್ಕೆ ಮೊದಲೂ ಇಂಥದ್ದು ಆಗಿದೆ: 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡ, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ.

ನಮ್ಮ ಗುಡ್ಡಗಳ ಕಟ್ಟೋಣವನ್ನು ಸ್ವಲ್ಪ ನೋಡಿ. ಬಾವಿ ತೋಡುವವರಿಗೆ ಇದು ಬಾಯಿಪಾಠ. ಮೇಲೆ ಚಿರೆಕಲ್ಲಿನ ಟೋಪಿ. ಅದರ ಕೆಳಗೆ ಶೇಡಿಮಣ್ಣು: ಬಿಳಿ, ಹಳದಿ, ಕೆಲವು ಕಡೆ ನಸುಗೆಂಪು, ಕೈಗೆ ನುಣ್ಣಗೆ. ಅದರ ಅಡಿಗೆ ಗಟ್ಟಿ ಬಂಡೆ. ಮೂರೂ ಒಂದೇ ಬಂಡೆಯ ಮೂರು ಅವಸ್ಥೆ, ಕೆಳಗಿನದು ಕೊಳೆತು ಶೇಡಿ, ಶೇಡಿ ಇನ್ನೂ ತೊಳೆದು ಚಿರೆ. ಚಿರೆಕಲ್ಲಿನ ತೂತುಗಳಲ್ಲಿ ಮಳೆನೀರು ಸಲೀಸಾಗಿ ಇಳಿಯುತ್ತದೆ. ಶೇಡಿಯಲ್ಲಿ ಬೇಗ ಇಳಿಯುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಒಣಗಿದಾಗ ಶೇಡಿ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಪೂರ್ತಿ ನೆನೆದರೆ ಅದರ ಬಲವೆಲ್ಲ ಹೋಗುತ್ತದೆ. ಮಣ್ಣಿನ ಕಣಗಳ ನಡುವೆ ತುಂಬಿದ ನೀರು ಕಣಗಳನ್ನು ಒಂದರಿಂದ ಒಂದು ತಳ್ಳುತ್ತದೆ, ಹಿಡಿತ ತಪ್ಪುತ್ತದೆ. ಇಂಥ ಗುಡ್ಡದ ಬುಡವನ್ನು ಬೇಸಿಗೆಯಲ್ಲಿ ನೆಟ್ಟಗೆ ಕಡಿದು, ನೋಡಿ ಎಷ್ಟು ಚೆನ್ನಾಗಿ ನಿಂತಿದೆ ಅಂದರೆ ಏನು ಹೇಳುವುದು? ಮಳೆಗಾಲ ಬರಲಿ ಅನ್ನಬೇಕು ಅಷ್ಟೆ.

ಪದವಿಯ ಕೊನೆಯ ವರ್ಷದ ಎಂಜಿನಿಯರಿಂಗ್ ಜಿಯಾಲಜಿಯಲ್ಲಿ ಇದರ ಮೊದಲ ಪಾಠ ಇರುತ್ತದೆ. ಇಳಿಜಾರು ಎಷ್ಟಿರಬೇಕು, ನೀರು ಹೊರಹೋಗಲು ಎಲ್ಲಿ ದಾರಿ ಬಿಡಬೇಕು, ಬಿರುಕು ಯಾವ ಕಡೆ ವಾಲಿದೆ. ಮುಂದೆ ಭೂಕುಸಿತವನ್ನೇ ಕೆಲಸ ಮಾಡಿಕೊಳ್ಳಬಹುದು. ದೇಶದಲ್ಲಿ ಭೂಕುಸಿತದ ಅಧ್ಯಯನದ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯದ್ದು, ಅಂದರೆ ಜಿಎಸ್‌ಐ. ಶಿರೂರು ಕುಸಿದ ಅದೇ ತಿಂಗಳು ಕೋಲ್ಕತ್ತಾದಲ್ಲಿ ಅದರ ಭೂಕುಸಿತ ಮುನ್ಸೂಚನಾ ಕೇಂದ್ರ ಶುರುವಾಯಿತು.

ಒಂದು ಅಡ್ಡಮಾತು. ಶೇಡಿಯಲ್ಲಿ ಮುಖ್ಯವಾಗಿ ಇರುವುದು ಕೆಯೊಲಿನೈಟ್ ಎಂಬ ಜೇಡಿ ಖನಿಜ. ಅಂಥದೇ ಜೇಡಿ ಮಂಗಳದ ಮೇಲೂ ಕಂಡಿದೆ. ಅದಾಗಲು ನೀರು ಬಹಳ ಕಾಲ ಬಂಡೆಯನ್ನು ತೊಳೆದಿರಬೇಕು. ಹಾಗಾದರೆ ಅಲ್ಲಿ ಮಳೆ ಬರುತ್ತಿತ್ತಾ ಎಂದು ದೊಡ್ಡ ಚರ್ಚೆ ನಡೆದಿದೆ. ನಮ್ಮ ಹಿತ್ತಲ ಬಾವಿಯ ಗೋಡೆಯ ಮಣ್ಣು ಅಷ್ಟು ದೂರದ ಮಾತಿಗೂ ಬರುತ್ತದೆ.

ಫೀಲ್ಡ್‌ವರ್ಕ್ ಅಂದರೆ ಒಂಥರಾ ಪಿಕ್ನಿಕ್ ಅಲ್ವಾ?

ಬಸ್ಸಿನಲ್ಲಿ ಹಾಡು ಹಾಡುವವರೆಗೆ ಹೌದು. ಆಮೇಲೆ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ, ಚೀಲದಲ್ಲಿ ಕಲ್ಲು. ಸಂಜೆ ಹೊತ್ತಿಗೆ ಚೀಲ ಹಗುರವಾಗುವ ಬದಲು ಭಾರವಾಗುವ ಪ್ರವಾಸ ಇದೊಂದೇ.

ಬೇಕಾದದ್ದು ಸುತ್ತಿಗೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಬಂಡೆಯ ದಿಕ್ಕು, ವಾಲು ಅಳೆಯುವ ಬ್ರಂಟನ್ ಕಂಪಾಸ್, ನೆಲದ ಏರುತಗ್ಗು ತೋರಿಸುವ ಟೋಪೋಶೀಟ್ ನಕ್ಷೆ, ನೋಟ್‌ಬುಕ್, ಸುಣ್ಣಕಲ್ಲು ಗುರುತಿಸಲು ಸಣ್ಣ ಬಾಟಲಿಯಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ನಾನು ಓದುವಾಗ ನಲವತ್ತು ಜನಕ್ಕೆ ಮೂರು ಕಂಪಾಸ್, ಅದರಲ್ಲಿ ಒಂದರ ಮುಳ್ಳು ಅಲುಗುತ್ತಲೇ ಇರಲಿಲ್ಲ. ಆ ಕಂಪಾಸ್ ಸಿಕ್ಕಿದ ಗುಂಪಿನ ನಕ್ಷೆಯಲ್ಲಿ ಎಲ್ಲ ಬಂಡೆಗಳೂ ಉತ್ತರಕ್ಕೇ ವಾಲಿದ್ದವು. ಆ ಗುಂಪಿನಲ್ಲಿ ನಾನೂ ಇದ್ದೆ. ಆಮ್ಲದ ಬಾಟಲಿಯ ಮುಚ್ಚಳ ಸಡಿಲವಾಗಿ ನನ್ನ ಹೊಸ ಪ್ಯಾಂಟ್ ತೂತಾದದ್ದೂ ಅದೇ ಪ್ರವಾಸದಲ್ಲಿ.

ಲೆನ್ಸ್ ಮಾತ್ರ ಸ್ವಂತದ್ದು ತೆಗೆದುಕೊಳ್ಳಿ.

ಹೆಣ್ಣುಮಕ್ಕಳಿಗೆ ಇದು ಸರಿಯಾ? ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ.

ಸರಿ. ನನಗಿಂತ ಚೆನ್ನಾಗಿ ಗುಡ್ಡ ಹತ್ತಿದವರು, ಚೆನ್ನಾಗಿ ನಕ್ಷೆ ಮಾಡಿದವರು ನಮ್ಮ ತರಗತಿಯ ಹುಡುಗಿಯರೇ. ಗಣಿಯ ಒಳಗೆ ಇಳಿದು ಕೆಲಸ ಮಾಡಲು ಹೆಂಗಸರಿಗೆ ಬಹಳ ಕಾಲ ಕಾನೂನಿನ ಅಡ್ಡಿ ಇತ್ತು. 2019ರಲ್ಲಿ ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಗಳಿಗೆ ಅದು ಸಡಿಲವಾಯಿತು. ಮನೆಯವರ ಭಯ ಹೆಚ್ಚಾಗಿ ಫೀಲ್ಡ್ ಕ್ಯಾಂಪಿನ ವಸತಿ, ಶೌಚಾಲಯದ ಬಗ್ಗೆ ಇರುತ್ತದೆ. ಅದು ಸುಮ್ನೆ ಹುಟ್ಟಿದ ಭಯ ಅಲ್ಲ. ಸೇರುವ ಮೊದಲೇ ಆ ವಿಭಾಗದ ಹಿರಿಯ ವಿದ್ಯಾರ್ಥಿನಿಯೊಬ್ಬರ ಹತ್ತಿರ ಮಾತಾಡಿ, ಸಾಧ್ಯವಾದರೆ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಆ ಹೆಸರುಗಳೇ ಬಾಯಿಗೆ ಬರುವುದಿಲ್ಲ.

ಯಾರ ಬಾಯಿಗೂ ಬರುವುದಿಲ್ಲ. ಇಂಗ್ಲಿಷ್ ಮಾಧ್ಯಮದವರಿಗೂ ಆರ್ಥೊಪೈರಾಕ್ಸೀನ್ ಎಂಬ ಖನಿಜದ ಹೆಸರು ಹೊಸದೇ. ಅಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಡುತ್ತಾರೆ.

ವಿಷಯವನ್ನು ಮನೆಯ ವಸ್ತುವಿಗೆ ಕಟ್ಟಿಹಾಕಿ. ಬಂಡೆಯ ಪದರ ಯಾವ ದಿಕ್ಕಿಗೆ ಹೋಗಿದೆ, ಯಾವ ಕಡೆ ಎಷ್ಟು ವಾಲಿದೆ ಎಂದು ಹೇಳುವ ಸ್ಟ್ರೈಕ್, ಡಿಪ್ ಎಂಬ ಎರಡು ಪದಕ್ಕೆ ನಮ್ಮ ಸಹಪಾಠಿಗಳು ಒಂದು ತಿಂಗಳು ಒದ್ದಾಡಿದರು. ಹಂಚಿನ ಮಾಡು ನೆನೆಸಿಕೊಳ್ಳಿ. ಒಂದೊಂದು ಹಂಚಿನ ಸಾಲೂ ಮಟ್ಟಸವಾಗಿ ಒಂದು ದಿಕ್ಕಿಗೆ ಹೋಗುತ್ತದೆ, ಅದು ಸ್ಟ್ರೈಕ್. ಮಳೆನೀರು ಇಳಿದು ಹೋಗುವ ದಿಕ್ಕು, ಆ ಇಳಿಜಾರಿನ ಕೋನ, ಅದು ಡಿಪ್. ಮಾಡಿನ ಮನೆಯಲ್ಲಿ ಬೆಳೆದವರಿಗೆ ಅರ್ಧ ನಿಮಿಷದ ಕೆಲಸ.

ಓದಿನಲ್ಲಿ ಯಾವುದು ಕಷ್ಟ?

ನನಗೆ ಸೂಕ್ಷ್ಮದರ್ಶಕ. ಕಲ್ಲನ್ನು ಗಾಜಿನ ಮೇಲೆ ಅಂಟಿಸಿ 0.03 ಮಿಲಿಮೀಟರ್ ಆಗುವವರೆಗೆ ತೇಯುತ್ತಾರೆ. ಹಲಸಿನ ಹಪ್ಪಳ ಎಷ್ಟು ತೆಳ್ಳಗೆ ಒತ್ತಿದರೂ ಇದರ ಮುಂದೆ ದಪ್ಪ. ಅಷ್ಟು ತೆಳ್ಳಗಾದರೆ ಕರಿಕಲ್ಲಿನಲ್ಲೂ ಬೆಳಕು ಹಾಯುತ್ತದೆ, ಕನ್ನಡಕದಂಥ ಎರಡು ಪೋಲರೈಸರ್ ಅಡ್ಡ ಇಟ್ಟರೆ ಖನಿಜಗಳು ಬಣ್ಣಬಣ್ಣವಾಗಿ ಹೊಳೆಯುತ್ತವೆ. ನೋಡಲು ಚಂದ. ಗುರುತಿಸಲು ಹೋದರೆ ಎಲ್ಲವೂ ಒಂದೇ ತರ. ಕೂತು ನೋಡಿದಷ್ಟೂ ಬರುತ್ತದೆ, ಅಡ್ಡದಾರಿ ಇಲ್ಲ.

ಹರಳುಗಳ ಆಕಾರದ ಪಾಠ ಕೆಲವರಿಗೆ ಕಬ್ಬಿಣದ ಕಡಲೆ. ಪಳೆಯುಳಿಕೆಗಳಲ್ಲಿ ಹೆಸರು ಉರುಹೊಡೆಯುವುದು ಜಾಸ್ತಿ. ಉಳಿದದ್ದು ನಡೆಯುತ್ತದೆ.

ಓದಿದ ಮೇಲೆ ಕೆಲಸ?

ಬರೀ ಬಿಎಸ್‌ಸಿಗೆ ಕಡಿಮೆ. ಇದನ್ನು ಕಾಲೇಜಿನವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಎಂಎಸ್‌ಸಿ ಆಗಬೇಕು ಎಂದುಕೊಂಡೇ ಸೇರಿ, 5 ವರ್ಷದ ಲೆಕ್ಕ ಹಾಕಿ. ಐಐಟಿಗಳ ಎಂಎಸ್‌ಸಿಗೆ ಜಾಮ್ ಪರೀಕ್ಷೆ ಇದೆ, ಅದಕ್ಕೆ ಎರಡನೇ ವರ್ಷದಿಂದಲೇ ತಯಾರಾದರೆ ಒಳ್ಳೆಯದು.

ಎಂಎಸ್‌ಸಿ ಆದವರ ಮೊದಲ ಕನಸು ಜಿಎಸ್‌ಐ. 1851ರಲ್ಲಿ ಕಲ್ಲಿದ್ದಲು ಹುಡುಕಲು ಹುಟ್ಟಿದ ಸಂಸ್ಥೆ. ಯುಪಿಎಸ್‌ಸಿ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆಯಲ್ಲಿ ಪೂರ್ವಭಾವಿ, ಮುಖ್ಯ, ಸಂದರ್ಶನ ಮೂರು ಮೆಟ್ಟಿಲು. ಅದೇ ಪರೀಕ್ಷೆಯಿಂದ ಕೇಂದ್ರ ಅಂತರ್ಜಲ ಮಂಡಳಿಗೂ ಆಯ್ಕೆ ಆಗುತ್ತದೆ. ಆಯ್ಕೆಯಾದವರು ಫೀಲ್ಡ್ ತರಬೇತಿಗೆ ಬರುವುದು ನಮ್ಮ ಚಿತ್ರದುರ್ಗಕ್ಕೇ. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ. ತೈಲ ಕಂಪನಿಗಳು, ಗಣಿಗಳು, ಸುರಂಗ, ಅಣೆಕಟ್ಟು ಕಟ್ಟುವವರು, ನಕ್ಷೆ ತಯಾರಿಸುವ ಕಂಪನಿಗಳು ಇವೆ. ಗಣಿ ಬೇಡ ಎಂದು ಊರಿನಲ್ಲಿ ಹೋರಾಟ ಮಾಡುವವರಿಗೂ ಬಂಡೆ ಓದಲು ಬರುವವರು ಬೇಕು, ಇದನ್ನು ಯಾಕೋ ಯಾರೂ ಪಟ್ಟಿಗೆ ಸೇರಿಸುವುದಿಲ್ಲ.

ನನ್ನ ಕೆಲಸದ ಬಗ್ಗೆಯೂ ಕೇಳುತ್ತಾರೆ. ನೆಲಕ್ಕೆ ನಾಲ್ಕು ಸಲಾಕೆ ಊರಿ, ಎರಡರಿಂದ ಕರೆಂಟ್ ಹಾಯಿಸಿ, ಉಳಿದೆರಡರಲ್ಲಿ ವೋಲ್ಟೇಜ್ ಅಳೆಯುತ್ತೇನೆ. ನೀರು ತುಂಬಿದ ಬಿರುಕು ಕರೆಂಟನ್ನು ಸಲೀಸಾಗಿ ಬಿಡುತ್ತದೆ, ಗಟ್ಟಿ ಬಂಡೆ ಬಿಡುವುದಿಲ್ಲ. ತೆಂಗಿನಕಾಯಿ ಹಿಡಿದು ನೀರು ನೋಡುವವರು ನನಗೆ ಪೈಪೋಟಿ. ಅವರಿಗೆ ದಕ್ಷಿಣೆ ತಕ್ಷಣ ಸಿಗುತ್ತದೆ, ನನಗೆ ನೀರು ಬಿದ್ದ ಮೇಲೆ.

ಇಸ್ರೋದಲ್ಲಿ ಭೂವಿಜ್ಞಾನಿಗಳನ್ನು ತೆಗೆದುಕೊಳ್ಳುತ್ತಾರಾ? ಈಗಲೇ ಏನಾದರೂ ಶುರು ಮಾಡಬಹುದಾ?

ತೆಗೆದುಕೊಳ್ಳುತ್ತಾರೆ, ಎಂಜಿನಿಯರುಗಳಷ್ಟು ಸಂಖ್ಯೆಯಲ್ಲಿ ಅಲ್ಲ. ಉಪಗ್ರಹ ಚಿತ್ರ ಓದುವ ವಿಭಾಗಗಳಲ್ಲಿ ಬೇಕಾಗುತ್ತಾರೆ.

ಶುರು ಮಾಡಲು ಕೆಲಸದ ಆದೇಶ ಬೇಕಿಲ್ಲ. ಚಂದ್ರಯಾನದ ಮಾಹಿತಿಯನ್ನು ಇಸ್ರೋ ತನ್ನ ಪ್ರದಾನ್ ಜಾಲತಾಣದಲ್ಲಿ ಇಟ್ಟಿದೆ, ನೋಂದಾಯಿಸಿ ಇಳಿಸಿಕೊಳ್ಳಬಹುದು. ಜಿಎಸ್‌ಐನ ಭೂಕೋಶ್‌ನಲ್ಲಿ ನಿಮ್ಮ ತಾಲೂಕಿನ ಬಂಡೆಗಳ ನಕ್ಷೆ ಸಿಗುತ್ತದೆ. ಕ್ಯೂಜಿಐಎಸ್ ಎಂಬ ತಂತ್ರಾಂಶ ಪುಕ್ಕಟೆ. ಚಂದ್ರನ ಒಂದು ತುಂಡು ಚಿತ್ರ ತೆಗೆದುಕೊಂಡು ಕುಳಿಗಳನ್ನು ಎಣಿಸಿ: ಕುಳಿ ಹೆಚ್ಚಿದ್ದಷ್ಟೂ ಆ ನೆಲ ಹಳೆಯದು. ಮಳೆಗಾಲದ ರಜೆಗೆ ಒಳ್ಳೆಯ ಕೆಲಸ, ಕರೆಂಟ್ ಇದ್ದರೆ. ಆಮೇಲೆ ಎಂದಾದರೂ ಮಹಾರಾಷ್ಟ್ರದ ಲೋಣಾರ್‌ಗೆ ಹೋಗಿಬನ್ನಿ. ಉಲ್ಕೆ ಬಡಿದು ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿ ಬಂಡೆಯಲ್ಲಿ ಆದ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ. ಚಂದ್ರನ ಕಪ್ಪು ಬಯಲುಗಳೂ ಬಸಾಲ್ಟ್. ಹೋಲಿಸಲು ಇದಕ್ಕಿಂತ ಹತ್ತಿರದ ಜಾಗ ನಮಗೆ ಇಲ್ಲ.

ತೋಟದಲ್ಲಿ ಭಾರದ ಕರಿಕಲ್ಲು ಸಿಕ್ಕಿದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದ್ದೇನೆ. ಉಲ್ಕೆಯಾ?

ಇದು ಓದಿನ ಪ್ರಶ್ನೆ ಅಲ್ಲ, ಆದರೂ ವಾರಕ್ಕೊಂದು ಬರುತ್ತದೆ. ನನಗೆ ಈವರೆಗೆ ಬಂದ ಯಾವುದೂ ಉಲ್ಕೆ ಅಲ್ಲ. ಕೆಲವು ಚಿರೆಕಲ್ಲಿನ ಕಬ್ಬಿಣದ ಗಂಟು, ಕೆಲವು ಹಳೆಯ ಕುಲುಮೆಯ ಕಿಟ್ಟ. ಒಂದು ರಸ್ತೆ ಡಾಂಬರಿನ ಉಂಡೆ.

ಹೀಗೆ ನೋಡಿ. ಕಲ್ಲಿನಲ್ಲಿ ಗುಳ್ಳೆಗಳ ತೂತು ತುಂಬಾ ಇದ್ದರೆ ಹೆಚ್ಚಾಗಿ ಕಿಟ್ಟ. ಹೊಳಪು ಮಾಡದ ಪಿಂಗಾಣಿಯ ಮೇಲೆ, ಚಹಾ ಕಪ್ಪಿನ ತಳದ ಅಂಚು ಸಾಕು, ಗೀರಿದಾಗ ಕೆಂಪು ಗೆರೆ ಬಂದರೆ ಹೆಮಟೈಟ್ ಎಂಬ ಕಬ್ಬಿಣದ ಅದಿರು. ಉಲ್ಕೆಯಾದರೆ ಗಾಳಿಯಲ್ಲಿ ಉರಿದ ತೆಳ್ಳನೆಯ ಕಪ್ಪು ಸಿಪ್ಪೆ ಇರುತ್ತದೆ, ಅಯಸ್ಕಾಂತ ಸಾಮಾನ್ಯವಾಗಿ ಹಿಡಿಯುತ್ತದೆ. ಅಯಸ್ಕಾಂತ ಹಿಡಿದದ್ದೆಲ್ಲ ಉಲ್ಕೆಯಲ್ಲ, ಫೋನ್ ಮಾಡುವ ಮೊದಲು ಇದೊಂದು ನೆನಪಿಡಿ. ಹಾಗಂತ ನಗುವ ವಿಷಯವೂ ಅಲ್ಲ. 1865ರ ಆಗಸ್ಟ್‌ನಲ್ಲಿ ಬಿಹಾರದ ಶೆರ್ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳ ಗ್ರಹದ್ದು ಎಂದು ಗೊತ್ತಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಇಂದಿಗೂ ಆ ಜಾತಿಯ ಉಲ್ಕೆಗಳಿಗೆ ಜಗತ್ತಿನಲ್ಲೆಲ್ಲ ಆ ಊರಿನದೇ ಹೆಸರು, ಶೆರ್ಗೊಟೈಟ್.

ಹಾಗಾಗಿ ನಿಮ್ಮ ಕಲ್ಲನ್ನು ತೊಳೆಯಬೇಡಿ, ಒಡೆಯಬೇಡಿ. ಒಣಗಿದ ಡಬ್ಬಿಯಲ್ಲಿ ಹಾಕಿ, ಸಿಕ್ಕಿದ ಜಾಗ, ದಿನ ಚೀಟಿಯಲ್ಲಿ ಬರೆದು ಒಳಗಿಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಇಲ್ಲದಿದ್ದರೆ ಅದು ಅಡಿಕೆಯಷ್ಟಿದೆಯೋ ಹಲಸಿನ ಹಣ್ಣಿನಷ್ಟಿದೆಯೋ ನನಗೆ ತಿಳಿಯುವುದಿಲ್ಲ.